ಗಾಳದ ದಾರಕ್ಕೆ ಯಾವ ಬಣ್ಣ

ಗಾಳದ ಸಾಮಾನು ಮಾರುವ ಅಂಗಡಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ದಾರದ ಸುರುಳಿಗಳ ಕಡೆಗೆ. ಕೊಕ್ಕೆಗಳು ಪೊಟ್ಟಣದೊಳಗೆ ಅಡಗಿರುತ್ತವೆ, ಸೀಸದ ಗುಂಡುಗಳು ಡಬ್ಬಿಯ ತಳದಲ್ಲಿರುತ್ತವೆ. ದಾರಗಳು ಮಾತ್ರ ಗೋಡೆಯುದ್ದಕ್ಕೂ ತೂಗಿಕೊಂಡು ತಮ್ಮ ಬಣ್ಣ ತೋರಿಸುತ್ತವೆ. ಬಣ್ಣವೇ ಇಲ್ಲದ್ದು, ಪಾಚಿ ಹಸಿರು, ಹೊಗೆ ಬೂದು, ತಿಳಿ ನೀಲಿ, ಕೆಂಪು, ಕಿತ್ತಳೆ, ಕಣ್ಣು ಕುಕ್ಕುವ ಹಳದಿ. ಹತ್ತು ಹತ್ತು ಮೀಟರಿಗೆ ಬಣ್ಣ ಬದಲಿಸುವ ಹೆಣೆದ ದಾರವೂ ಒಂದು ಮೂಲೆಯಲ್ಲಿರುತ್ತದೆ. ಹೊಸದಾಗಿ ಗಾಳ ಹಿಡಿದವರು ಆ ಗೋಡೆಯ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: ಯಾವ ಬಣ್ಣದ ದಾರಕ್ಕೆ ಮೀನು ಬೀಳುತ್ತದೆ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಂದೆಳೆ ದಾರದ ಬಣ್ಣ ತೀರ್ಮಾನಿಸಬೇಕಾದರೆ ಬಿಸಿಲು ನೀರಿನೊಳಗೆ ಎಷ್ಟು ದೂರ ಇಳಿಯುತ್ತದೆ, ಮಣ್ಣು ಅದನ್ನು ಹೇಗೆ ತಡೆಯುತ್ತದೆ, ಮೀನಿಗೆ ಏನು ಕಾಣುತ್ತದೆ, ಸಂಜೆಯ ಮಬ್ಬಿನಲ್ಲಿ ನಮಗೆ ಏನು ಕಾಣುವುದಿಲ್ಲ ಎಂಬುದನ್ನೆಲ್ಲ ಕೇಳಿಕೊಳ್ಳಬೇಕಾಗುತ್ತದೆ. ಕುಂದಾಪುರಕ್ಕೂ ಗಂಗೊಳ್ಳಿಗೂ ನಡುವಿನ ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕೂರುವುದು ನನ್ನ ಬಹುಕಾಲದ ಅಭ್ಯಾಸ. ದೋಣಿಯಲ್ಲೇ ಆಯುಷ್ಯ ಕಳೆದ ಹಿರಿಯರೊಬ್ಬರು ಅಲ್ಲಿ ನನ್ನ ಕೈಯಲ್ಲಿದ್ದ ಹೊಸ ಸುರುಳಿಯನ್ನು ತಿರುಗಿಸಿ ನೋಡಿ, ವಾಪಸು ಕೊಡುತ್ತ ಹೇಳಿದ್ದರು: "ಮೊದ್ಲ್ ನೀರ್ ಕಾಣಿ ಮಾರಾಯ್ರೆ, ಮತ್ತ್ ದಾರ ತಕಣಿ." ನನಗೆ ತಿಳಿದಿರುವುದೆಲ್ಲ ಆ ಮಾತಿನ ವಿಸ್ತರಣೆ.

ನೀರು ಎಂದರೆ ಯಾವ ನೀರು? ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಅಳಿವೆಯ ಹತ್ತಿರ ಕೂಡಿ ಪಂಚಗಂಗಾವಳಿಯಾಗುತ್ತವೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಈ ಐದೂ ಘಟ್ಟದ ಕೆಮ್ಮಣ್ಣನ್ನು ಹೊತ್ತು ತರುತ್ತವೆ. ಆ ನೀರಿನಲ್ಲಿ ಮೊಣಕೈವರೆಗೆ ಕೈಯಿಳಿಸಿದರೆ ಬೆರಳು ಕಾಣುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ ಮಣ್ಣು ತಳಕ್ಕೆ ಕೂರುತ್ತದೆ. ಡಿಸೆಂಬರ್ ಹೊತ್ತಿಗೆ ಅಳಿವೆಯ ನೀರು ಹಸಿರು ಬಣ್ಣಕ್ಕೆ ತಿರುಗಿ ತಿಳಿಯಾಗುತ್ತದೆ. ಆಗಲೂ ದಿನವಿಡೀ ಒಂದೇ ಬಣ್ಣವಲ್ಲ. ಉಬ್ಬರದಲ್ಲಿ ಕಡಲಿನ ತಿಳಿನೀರು ಒಳಗೆ ಬರುತ್ತದೆ; ಇಳಿತದಲ್ಲಿ ಹೊಳೆಯ ಮಡ್ಡಿ ನೀರು ಕೆಸರು ಕಲಕಿಕೊಂಡು ಹೊರಗೆ ಹೋಗುತ್ತದೆ. ಕಾಂಡ್ಲಾ ಗಿಡಗಳ ಮಧ್ಯೆ ನುಗ್ಗಿರುವ ಕಿರುತೋಡುಗಳಲ್ಲಿ ಕೊಳೆತ ಎಲೆಯ ರಸ ಬಿಟ್ಟುಕೊಂಡು ನೀರು ಹಾಲು ಹಾಕದ ಚಹಾದಂತಿರುತ್ತದೆ. ಇನ್ನೂ ಮೇಲಕ್ಕೆ, ಕೊಲ್ಲೂರಿನ ಕಾಡಿನ ಕಡೆಗೆ ಹೋದರೆ, ಬಂಡೆಗಳ ನಡುವಿನ ಗುಂಡಿಯಲ್ಲಿ ತಳದ ಬೆಣಚುಕಲ್ಲನ್ನೂ ಎಣಿಸಬಹುದು. ಒಂದೇ ಹೊಳೆಯಲ್ಲಿ ಇಷ್ಟು ನೀರುಗಳಿವೆ. ಇವಕ್ಕೆಲ್ಲ ಒಂದೇ ಬಣ್ಣದ ದಾರ ಹೊಂದುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಹೊಳೆ ನೋಡಿದವರಲ್ಲ.

ಬಿಸಿಲಿನಲ್ಲಿರುವ ಬಣ್ಣಗಳನ್ನೆಲ್ಲ ನೀರು ಸಮನಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಶುದ್ಧ ನೀರು ಮೊದಲು ಹೀರುವುದು ಕೆಂಪನ್ನು. ತಿಳಿಗಡಲಿನಲ್ಲಿ ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಬಹುಪಾಲು ಮುಗಿದಿರುತ್ತದೆ. ಆಮೇಲೆ ಕಿತ್ತಳೆ, ಹಳದಿ ಹೋಗುತ್ತವೆ. ಎಲ್ಲಕ್ಕಿಂತ ಆಳಕ್ಕೆ ತಲುಪುವುದು ನೀಲಿ. ಕರಾವಳಿಯ ನೀರಿನ ಲೆಕ್ಕ ಬೇರೆ. ಅಲ್ಲಿ ಕಣ್ಣಿಗೆ ಕಾಣದ ಸಣ್ಣ ಪಾಚಿಗಳೂ ಕರಗಿದ ಸಸ್ಯದ ಅಂಶವೂ ನೀಲಿಯನ್ನು ಹೀರಿಬಿಡುತ್ತವೆ, ಅತ್ತ ನೀರು ಕೆಂಪನ್ನು ಹೀರುತ್ತದೆ, ನಡುವೆ ಹಸಿರು ಉಳಿದುಕೊಳ್ಳುತ್ತದೆ. ನಮ್ಮ ಅಳಿವೆಯ ಬೇಸಿಗೆಯ ಹಸಿರು ಬಂದಿರುವುದು ಹೀಗೆ. ಎಲೆರಸದ ಕಂದು ನೀರಿನಲ್ಲಿ ಇದು ಇನ್ನೂ ಮುಂದಕ್ಕೆ ಹೋಗುತ್ತದೆ: ನೀಲಿ ಮೇಲ್ಪದರದಲ್ಲೇ ಸಾಯುತ್ತದೆ, ಕೆಳಗೆ ಇಳಿಯುವ ಅಷ್ಟಿಷ್ಟು ಬೆಳಕು ಹಳದಿ ಮತ್ತು ಕೆಂಪಿನದು. ಒಂದು ಕಡೆ ಮರೆಯಾಗುವ ಬಣ್ಣ ಇನ್ನೊಂದು ಕಡೆ ಎದ್ದು ಕಾಣುತ್ತದೆ.

ಕೆಂಪು ದಾರದ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನು ಇಲ್ಲಿಟ್ಟು ನೋಡಬೇಕು. ಕೆಂಪು ಬೆಳಕು ನೀರಿನಲ್ಲಿ ಬೇಗ ಅಳಿಯುತ್ತದೆ, ಆದ್ದರಿಂದ ಕೆಂಪು ದಾರ ಮೀನಿಗೆ ಕಾಣುವುದೇ ಇಲ್ಲ ಎಂಬುದು ಆ ವ್ಯಾಪಾರದ ವಾದ. ಅದರ ಮೊದಲರ್ಧ ನಿಜ. ಎರಡನೆಯ ಅರ್ಧಕ್ಕೆ ಆಧಾರವಿಲ್ಲ. ಕೆಂಪು ಬೆಳಕಿಲ್ಲದ ಜಾಗದಲ್ಲಿ ಕೆಂಪು ವಸ್ತು ಮಾಯವಾಗುವುದಿಲ್ಲ, ಕಪ್ಪಾಗುತ್ತದೆ. ಹಸಿರು ಬೆಳಕು ತುಂಬಿರುವ ನೀರಿನ ಎದುರು ಕಪ್ಪು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದೂ ಅಲ್ಲದೆ ದಂಡೆಯಿಂದ ಗಾಳ ಹಾಕುವ ನಾವು ಎಷ್ಟು ಆಳಕ್ಕೆ ಹಾಕುತ್ತೇವೆ? ಒಂದು ಮಾರು, ಎರಡು ಮಾರು. ತಿಳಿನೀರಿನ ಅಷ್ಟು ಆಳದಲ್ಲಿ ಕೆಂಪು ಪೂರ್ತಿ ಅಳಿದಿರುವುದೇ ಇಲ್ಲ. ಹೊಸಬರು ಇದಕ್ಕೆ ಹೆಚ್ಚಿನ ದುಡ್ಡು ಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೀರಿಗೆ ತಕ್ಕ ದಾರ ಎಂಬ ವಿಚಾರ ಹೊಸದಲ್ಲ. 1496ರಲ್ಲಿ ಇಂಗ್ಲೆಂಡಿನಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಪ್ರಕಟಿಸಿದ 'ಸೇಂಟ್ ಆಲ್ಬನ್ಸ್ ಪುಸ್ತಕ'ದ ಎರಡನೆಯ ಮುದ್ರಣದಲ್ಲಿ ಗಾಳದ ಮೇಲೊಂದು ಪ್ರಬಂಧ ಸೇರಿದೆ. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದನ್ನು ಬರೆದಳೆಂಬುದು ಪರಂಪರೆಯ ನಂಬಿಕೆ. ವಿದ್ವಾಂಸರಿಗೆ ಅದರಲ್ಲಿ ಅನುಮಾನವಿದೆ. ಬರೆದವರು ಯಾರಾದರೂ ಇರಲಿ, ನೀರಿನ ಪಕ್ಕದಲ್ಲಿ ಬಹಳ ಹೊತ್ತು ಕೂತವರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆಗಿನ ದಾರ ಬಿಳಿ ಕುದುರೆಯ ಬಾಲದ ಕೂದಲನ್ನು ಹೊಸೆದದ್ದು. ಆ ಕೂದಲಿಗೆ ಹಳದಿ, ಹಸಿರು, ಕಂದು ಮುಂತಾದ ಆರು ಬಗೆಯ ಬಣ್ಣ ಕಟ್ಟುವ ಕ್ರಮವನ್ನು ಪ್ರಬಂಧ ಹೇಳುತ್ತದೆ. ಯಾವುದನ್ನು ಯಾವಾಗ ಬಳಸಬೇಕೆಂಬುದನ್ನೂ ಹೇಳುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಳಿನೀರಿಗೆ ಹಸಿರು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹಳದಿ, ಏಕೆಂದರೆ ನೀರಿನೊಳಗಿನ ಕಳೆಹುಲ್ಲು ಮುರಿದು ಬಿದ್ದು ಆಗ ಆ ಬಣ್ಣಕ್ಕೆ ತಿರುಗಿರುತ್ತದೆ. ಚಳಿಗಾಲಕ್ಕೆ ಕೆಂಗಂದು. ಕಪ್ಪಗೆ ನಿಧಾನ ಹರಿಯುವ ನೀರಿಗೆ ಕಂದು. ಜೌಗು ಬಯಲಿನ ನೀರಿಗೆ ಕಂದುಹಳದಿ. ಐನೂರು ವರ್ಷಗಳ ಹಿಂದಿನ ಆ ಲೇಖಕರಿಗೆ ಬೆಳಕಿನ ವಿಜ್ಞಾನ ಗೊತ್ತಿರಲು ಸಾಧ್ಯವಿಲ್ಲ. ಆದರೆ ದಾರದ ಬಣ್ಣವನ್ನು ಅದರ ಹಿಂದಿರುವ ನೀರು ಮತ್ತು ಹುಲ್ಲಿನ ಬಣ್ಣಕ್ಕೆ ಹೊಂದಿಸಬೇಕೆಂಬುದನ್ನು, ಋತು ಬದಲಾದರೆ ಬಣ್ಣವೂ ಬದಲಾಗಬೇಕೆಂಬುದನ್ನು ಅವರು ಕಣ್ಣಿನಿಂದಲೇ ಕಂಡುಕೊಂಡಿದ್ದರು. 1653ರಲ್ಲಿ ಐಸಾಕ್ ವಾಲ್ಟನ್ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಕೂದಲಿಗೆ ನೀರಿನ ಬಣ್ಣ ಕಟ್ಟಲು ಹೇಳುವ ಪಾಕದಲ್ಲಿ ಬಲವಾದ ಬಿಯರು, ಒಲೆಯ ಮಸಿ, ಅಕ್ರೋಟು ಎಲೆಯ ರಸ, ಪಟಿಕ ಇವೆ.

ಇಂಗ್ಲೆಂಡಿನ ಈ ಪುಸ್ತಕಗಳ ಬಗ್ಗೆ ಓದುವಾಗೆಲ್ಲ ನನಗೆ ನಮ್ಮ ಕಲ್ಯಾಣದ ನೆನಪಾಗುತ್ತದೆ. 1127ರಲ್ಲಿ ಪಟ್ಟಕ್ಕೆ ಬಂದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಮೀನುಗಳ ಬಗೆಗಳು, ಕಡಲಿನವು ಯಾವುವು, ಹೊಳೆಯವು ಯಾವುವು, ಯಾವುದಕ್ಕೆ ಯಾವ ಆಹಾರ ಹಿಡಿಸುತ್ತದೆ, ಗಾಳ ಹಾಕುವ ರೀತಿ ಏನು ಎಂಬುದನ್ನೆಲ್ಲ ಅದು ಚರ್ಚಿಸುತ್ತದೆ. ಸೇಂಟ್ ಆಲ್ಬನ್ಸ್ ಪ್ರಬಂಧಕ್ಕಿಂತ ಮೂರೂವರೆ ಶತಮಾನ ಹಿಂದಿನದು ಇದು. ಭಾರತದ ಮೀನುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಬರೆದು ಪ್ರಾಣಿವಿಜ್ಞಾನಿಗಳ ಗಮನಕ್ಕೆ ತಂದರು. ಮೂಡಿಗೆರೆಯ ತೇಜಸ್ವಿಯವರಂತಹ ಗಾಳದ ಮೋಹಿಯನ್ನು ಪಡೆದ ನಾಡಿನಲ್ಲಿ, ಗಾಳದ ಬಗ್ಗೆ ಬರೆದ ದೊರೆಯೂ ಒಬ್ಬ ಇದ್ದನೆಂಬುದು ಶಾಲೆಯ ಮಕ್ಕಳಿಗೆ ಗೊತ್ತಿರಬೇಕೆಂದು ನನ್ನ ಆಸೆ.

ನಮ್ಮ ಜಿಲ್ಲೆಗೂ ಈ ಕಥೆಯಲ್ಲಿ ಪಾಲಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅವರ ಕಾಲದಲ್ಲಿ ಗಾಳದ ತುದಿಗೆ ಕಟ್ಟುತ್ತಿದ್ದುದು ರೇಷ್ಮೆ ಹುಳುವಿನ ಗ್ರಂಥಿಯ ಎಳೆ. ಗೂಡು ಕಟ್ಟುವ ಮೊದಲೇ ಹುಳುವಿನ ರೇಷ್ಮೆ ಗ್ರಂಥಿಯನ್ನು ತೆಗೆದು ಎಳೆದು ಒಣಗಿಸಿದರೆ ಬೆಳಕು ಹಾಯುವ, ಗಟ್ಟಿಯಾದ ಎಳೆ ಸಿಗುತ್ತದೆ. ಸ್ಪೇನಿನ ಮುರ್ಸಿಯಾ ಇದರ ದೊಡ್ಡ ತಯಾರಿಕೆಯ ಊರು. ಆ ಎಳೆ ಹೊಳೆಯುತ್ತದೆಂದು ಗಾಳದವರು ಅದನ್ನು ಚಹಾದಲ್ಲಿ, ಕಾಫಿಯಲ್ಲಿ, ಶಾಯಿ ನೀರಿನಲ್ಲಿ ನೆನೆಸಿ ಮಂಕು ಮಾಡುತ್ತಿದ್ದರು. ಹೊಳಪು ಬಣ್ಣಕ್ಕಿಂತ ದೊಡ್ಡ ಶತ್ರು ಎಂಬ ಅವರ ತಿಳಿವಳಿಕೆ ಸರಿಯಾದದ್ದು. ಬಿಸಿಲಿನಲ್ಲಿ ಮಿಣುಗುವ ದಾರ ಯಾವ ಬಣ್ಣದ್ದಾದರೂ ಮೀನನ್ನು ಬೆದರಿಸುತ್ತದೆ.

1935ರಲ್ಲಿ ಡುಪಾಂಟ್ ಕಂಪನಿಯಲ್ಲಿ ವಾಲೇಸ್ ಕ್ಯಾರದರ್ಸ್ ನೈಲಾನನ್ನು ತಯಾರಿಸಿದರು. ಆಮೇಲೆ ಕುದುರೆ ಕೂದಲೂ ರೇಷ್ಮೆ ಎಳೆಯೂ ಮೂಲೆ ಸೇರಿದವು. ನಮ್ಮಲ್ಲಿ ತಂಗೂಸಿ ಎಂದು ಕರೆಯುವ ಒಂಟಿ ಎಳೆಯ ನೈಲಾನ್ ದಾರ ಅಗ್ಗ, ಗಟ್ಟಿ, ಬೇಕಾದ ಬಣ್ಣ ಹಿಡಿಯುತ್ತದೆ. 1970ರ ದಶಕದ ಆರಂಭದಲ್ಲಿ ಜಪಾನಿನ ಕುರೆಹಾ ಕಂಪನಿ ಫ್ಲೂರೋಕಾರ್ಬನ್ ದಾರವನ್ನು ತಂದಿತು. ನೀರಿನಲ್ಲಿ ಕಾಣುವುದಿಲ್ಲ ಎಂದು ಪೊಟ್ಟಣದ ಮೇಲೆ ಬರೆದು ಮಾರುವುದು ಇದನ್ನೇ. ಗಾಜಿನ ಕಡ್ಡಿಯನ್ನು ಅಡುಗೆ ಎಣ್ಣೆಯಲ್ಲಿ ಅದ್ದಿದರೆ ಅದು ಬಹುಮಟ್ಟಿಗೆ ಮರೆಯಾಗುವುದನ್ನು ಶಾಲೆಯ ಪ್ರಯೋಗದಲ್ಲಿ ಅನೇಕರು ನೋಡಿರುತ್ತಾರೆ. ಎರಡೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗಿಸುವುದರಿಂದ ಹಾಗಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ನೈಲಾನಿನದು 1.5ಕ್ಕಿಂತ ಮೇಲೆ. ಫ್ಲೂರೋಕಾರ್ಬನ್‌ನದು 1.42. ನೈಲಾನಿಗಿಂತ ಅದು ನೀರಿಗೆ ಹತ್ತಿರ, ಆದರೆ ಸಮ ಅಲ್ಲ. ಹಾಗಾಗಿ ಕಡಿಮೆ ಕಾಣುತ್ತದೆ ಎಂದರೆ ಸತ್ಯ, ಕಾಣುವುದೇ ಇಲ್ಲ ಎಂದರೆ ಸುಳ್ಳು. ಅದರ ಇನ್ನೊಂದು ಗುಣ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ: ನೈಲಾನಿಗಿಂತ ಭಾರ, ಬೇಗ ತಳ ಮುಟ್ಟುತ್ತದೆ, ಮರಳಿನ ಮೇಲೆ ಒರಗಿ ಮಲಗುತ್ತದೆ. ತಳದಲ್ಲಿ ಮೇಯುವ ಕಾಣೆ ಮೀನಿಗೆ ಗಾಳ ಹಾಕುವವರಿಗೆ ದಾರ ನೀರಿನ ಮಧ್ಯದಲ್ಲಿ ತೇಲಾಡದೆ ಇರುವುದೇ ದೊಡ್ಡ ಅನುಕೂಲ.

ಇನ್ನು ಮೀನಿನ ಕಣ್ಣು. ಎಲ್ಲ ಮೀನಿಗೂ ಒಂದೇ ಬಗೆಯ ಕಣ್ಣಿಲ್ಲ. ಗೆಂಡೆಯ ಜಾತಿಯ ಮೀನುಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಅದೇ ಬಳಗದ ಚಿನ್ನದ ಮೀನಿಗೆ ನಾಲ್ಕು ಬಗೆ, ನಮಗೆ ಕಾಣದ ನೇರಳಾತೀತ ಬೆಳಕೂ ಅದಕ್ಕೆ ಕಾಣುತ್ತದೆ. ಸಿಹಿನೀರಿನ ಅನೇಕ ಮೀನುಗಳ ಕಣ್ಣಿನ ವರ್ಣದ್ರವ್ಯ ಕಡಲಿನ ಮೀನುಗಳದ್ದಕ್ಕಿಂತ ಕೆಂಪಿನ ಕಡೆಗೆ ವಾಲಿಕೊಂಡಿರುತ್ತದೆ. ಹೊಳೆ, ಕೆರೆಗಳ ನೀರಿನಲ್ಲಿ ಉಳಿಯುವ ಬೆಳಕೇ ಆ ಬಣ್ಣದ್ದು, ಕಣ್ಣು ಅದಕ್ಕೆ ಒಗ್ಗಿಕೊಂಡಿದೆ. ಇಂಥ ನೀರಿನಲ್ಲಿ ಕೆಂಪು ದಾರ ಹಾಕುವುದೆಂದರೆ ಮೀನು ಚೆನ್ನಾಗಿ ಗುರುತಿಸುವ ಬಣ್ಣವನ್ನೇ ಆರಿಸಿಕೊಂಡಂತಾಯಿತು. ಮೀಸೆ ಇರುವ ಮೀನುಗಳು ಕೆಸರು ನೀರಿನಲ್ಲಿ ಮೂಸಿ, ಮೀಸೆಯಿಂದ ರುಚಿ ನೋಡಿ ಆಹಾರ ಹುಡುಕುತ್ತವೆ. ಅವುಗಳ ಮುಂದೆ ಬಣ್ಣದ ಚರ್ಚೆ ನಡೆಯುವುದಿಲ್ಲ. ಬೊಂಡಾಸ್‌ನ ಸಂಗತಿ ನನಗೆ ತೀರ ಅಚ್ಚರಿಯದು. ಅದರ ಬಳಗದ ಜೀವಿಗಳು ಮೈಬಣ್ಣವನ್ನು ಕ್ಷಣದಲ್ಲಿ ಬದಲಿಸಬಲ್ಲವು. ಅವುಗಳಲ್ಲಿ ಬಹುತೇಕ ಎಲ್ಲದರ ಕಣ್ಣಿನಲ್ಲೂ ಇರುವುದು ಒಂದೇ ಬಗೆಯ ವರ್ಣದ್ರವ್ಯ. ನಮಗೆ ಕಾಣುವಂತೆ ಹಸಿರು, ಕಿತ್ತಳೆಗಳ ಭೇದ ಅದಕ್ಕಿಲ್ಲ. ಎಷ್ಟು ಕಪ್ಪು, ಎಷ್ಟು ಬೆಳಕು ಎಂಬುದು ಅದಕ್ಕೆ ಮುಖ್ಯ.

ಮೀನು ಎಲ್ಲಿಂದ ನೋಡುತ್ತದೆ ಎಂಬುದೂ ಬಣ್ಣದಷ್ಟೇ ಮುಖ್ಯ. ನೀರಿನೊಳಗಿಂದ ಮೇಲೆ ನೋಡಿದರೆ ಹೊರಗಿನ ಜಗತ್ತೆಲ್ಲ ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯೊಳಗೆ ಕಾಣುತ್ತದೆ. ಆ ಕಿಂಡಿಯ ಆಚೆ ನೀರಿನ ಮೇಲ್ಮೈ ಒಳಗಿನಿಂದ ಕನ್ನಡಿಯಾಗಿ ಕೆಲಸ ಮಾಡುತ್ತದೆ. ಕೆಳಗಿರುವ ಮೀನಿಗೆ ಬೆಳಗುವ ಆಕಾಶದ ಎದುರು ದಾರ ಕಾಣುವಾಗ ಹೆಣೆದ ದಾರ ಹಳದಿಯಾಗಿದ್ದರೂ ಹಸಿರಾಗಿದ್ದರೂ ಕಪ್ಪು ಗೆರೆಯೇ. ಹೆಣೆದ ದಾರದೊಳಗೆ ಬೆಳಕು ಹಾಯುವುದಿಲ್ಲ. ಬಣ್ಣವಿಲ್ಲದ ನೈಲಾನಿನೊಳಗೆ ಹಾಯುತ್ತದೆ, ಹಾಗಾಗಿ ಅದರ ನೆರಳು ತೆಳು. ಬಂಗುಡೆಯ ಬೆನ್ನು ಕಡುನೀಲಿ ಹಸಿರು, ಹೊಟ್ಟೆ ಬೆಳ್ಳಿ ಬಿಳುಪು. ಮೇಲಿನಿಂದ ನೋಡುವ ಕಣ್ಣಿಗೆ ಒಂದು, ಕೆಳಗಿನಿಂದ ನೋಡುವ ಕಣ್ಣಿಗೆ ಇನ್ನೊಂದು. ದಿಕ್ಕಿಗೊಂದು ಬಣ್ಣ ಬೇಕೆಂಬ ಪಾಠವನ್ನು ಕಡಲಿನ ಮೀನುಗಳು ಮೈಮೇಲೇ ಹೊತ್ತಿವೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥಕ್ಕೆ ಹೋದವರು ಕಪಿಲಾ ಹೊಳೆಯ ಮೆಟ್ಟಿಲ ಬಳಿ ದೇವರ ಮೀನುಗಳನ್ನು ನೋಡಿರುತ್ತಾರೆ. ಅಲ್ಲಿ ಗಾಳಕ್ಕೆ ಅವಕಾಶವಿಲ್ಲ, ಇರಲೂಬಾರದು. ಆದರೆ ಗಾಳದವರು ಅಲ್ಲಿ ಒಂದು ಗಳಿಗೆ ಕೂತು ನೋಡಿದರೆ ಕಲಿಯುವುದು ಬಹಳ ಇದೆ. ಜನರ ಕೈಯಿಂದ ಮಂಡಕ್ಕಿ ತಿನ್ನಲು ಒಗ್ಗಿದ ಆ ದೊಡ್ಡ ಮೀನುಗಳೂ ಮೇಲಿಂದ ಫಕ್ಕನೆ ನೆರಳು ಸರಿದರೆ ಚದುರುತ್ತವೆ. ನೋಡುವವರ ಸೀರೆ, ಅಂಗಿಗಳ ಬಣ್ಣ ಅವುಗಳಿಗೆ ತೊಂದರೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಮೀನಿನ ಕಣ್ಣು ತಪ್ಪಿಸಬೇಕೆಂದಿದ್ದವರು ಬಣ್ಣಕ್ಕಿಂತ ಮೊದಲು ದಪ್ಪ ನೋಡಬೇಕು. ಹಿಡಿಯಬೇಕೆಂದಿರುವ ಮೀನಿನ ತೂಕಕ್ಕೆ ಸಾಲುವಷ್ಟು ತೆಳುವಾದ ದಾರ ಯಾವ ಬಣ್ಣಕ್ಕಿಂತಲೂ ಹೆಚ್ಚು ಮರೆಯಾಗುತ್ತದೆ. ಗಂಟು ಸಣ್ಣದಿರಬೇಕು, ದಾರ ಸುರುಳಿ ಬಿದ್ದಿರಬಾರದು, ಎರೆಯ ಮೇಲೆ ಅಡ್ಡ ಬೀಳಬಾರದು. ಒಮ್ಮೆ ಗಾಳದ ರುಚಿ ಕಂಡ ಮೀನು ಎಷ್ಟು ಎಚ್ಚರವಾಗಿರುತ್ತದೆ ಎಂಬುದನ್ನು ಬ್ಯೂಕೆಮಾ ಎಂಬ ಡಚ್ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಸಾಮಾನ್ಯ ಗೆಂಡೆ ಒಂದೇ ಸಲ ಕೊಕ್ಕೆಗೆ ಸಿಕ್ಕಿ ಬಿಡುಗಡೆಯಾದರೂ ಬಹುಕಾಲ ಅದನ್ನು ಮರೆಯದೆ ದೂರ ಉಳಿಯುತ್ತದೆ. ಹಿಡಿದು ಬಿಡುವ ಪದ್ಧತಿಯಿರುವ ಕೆರೆಗಳಲ್ಲಿ ತುದಿಯ ದಾರದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಹಾಗಾಗಿ ಅರ್ಥವುಳ್ಳದ್ದು. ಕಡಲ ಅಂಜಲ್ ಇದಕ್ಕೆ ಪೂರ್ತಿ ಬೇರೆ. ಅದರ ಹಲ್ಲಿಗೆ ದಾರ ನಿಲ್ಲುವುದಿಲ್ಲವೆಂದು ತುದಿಗೆ ಉಕ್ಕಿನ ತಂತಿ ಕಟ್ಟುತ್ತಾರೆ. ಬರಿಗಣ್ಣಿಗೆ ಹೊಳೆಯುವ ಆ ತಂತಿಯನ್ನು ಲೆಕ್ಕಿಸದೆ ಅಂಜಲ್ ಬಂದು ಹೊಡೆಯುತ್ತದೆ. ಓಡುವ ಬೇಟೆಯ ಹಿಂದೆ ಅಷ್ಟು ವೇಗದಲ್ಲಿ ಬರುವ ಮೀನು ನಿಂತು ಪರೀಕ್ಷಿಸುವುದಿಲ್ಲ.

ಮೀನಿನ ಕಣ್ಣಿನ ಬಗ್ಗೆ ಇಷ್ಟು ಯೋಚಿಸುವವರು ತಮ್ಮ ಕಣ್ಣನ್ನು ಮರೆತುಬಿಡುತ್ತಾರೆ. ನನ್ನ ಮಟ್ಟಿಗೆ ದಾರದ ಬಣ್ಣದಿಂದ ಸಿಗುವ ಲಾಭದಲ್ಲಿ ದೊಡ್ಡ ಪಾಲು ನೀರಿನ ಮೇಲೆಯೇ ಇದೆ. ಎರೆ ಕಚ್ಚಿದ ಮೀನು ಯಾವಾಗಲೂ ಆಚೆಗೇ ಓಡುವುದಿಲ್ಲ. ಎಷ್ಟೋ ಸಲ ಅದು ನಮ್ಮ ಕಡೆಗೇ ಬರುತ್ತದೆ. ಆಗ ಕೋಲಿನ ತುದಿ ಬಾಗುವುದಿಲ್ಲ, ಕೈಗೆ ಏನೂ ತಿಳಿಯುವುದಿಲ್ಲ. ಬಿಗಿದಿದ್ದ ದಾರ ಸ್ವಲ್ಪ ಸಡಿಲವಾಗಿ ನೀರಿನ ಮೇಲೆ ಜೋಲುತ್ತದೆ, ಅಷ್ಟೆ. ಇನ್ನು ಕೆಲವು ಸಲ ದಾರ ನೀರಿಗಿಳಿಯುವ ಜಾಗ ಮೆಲ್ಲನೆ ಬಲಕ್ಕೋ ಎಡಕ್ಕೋ ಸರಿಯುತ್ತದೆ. ಇದನ್ನು ಕಂಡವರಿಗೆ ಮೀನು, ಕಾಣದವರಿಗೆ ಬರಿ ಕೊಕ್ಕೆ. ಕಾಂಡ್ಲಾ ಬೇರಿನ ಬುಡದಲ್ಲಿರುವ ಕೆಂಬೇರಿಯಂತೂ ಕಚ್ಚಿದ ಮರುಕ್ಷಣ ಬೇರಿನೊಳಗೆ ನುಗ್ಗುತ್ತದೆ. ದಾರ ಯಾವ ಕಡೆಗೆ ಹೋಗುತ್ತಿದೆ ಎಂದು ಒಂದು ನೋಟದಲ್ಲಿ ತಿಳಿಯದಿದ್ದರೆ ಮೀನೂ ಇಲ್ಲ, ದಾರವೂ ಇಲ್ಲ. ಸಂಜೆ ಸೇತುವೆಯ ಮೇಲೆ ಹತ್ತಾರು ಜನ ಒತ್ತಾಗಿ ನಿಂತು ಗಾಳ ಹಾಕುವಾಗ ಯಾರ ದಾರ ಯಾರದ್ದರ ಮೇಲೆ ಹಾಯ್ದಿದೆ ಎಂದು ಗೊತ್ತಾಗುವುದಕ್ಕೂ ಬಣ್ಣ ಬೇಕು. ಅಡ್ಡ ಬರುವ ದೋಣಿಯವರಿಗೂ ಅದು ಕಾಣಬೇಕು.

ಹೀಗೆ ಕಾಣಲು ಯಾವ ಬಣ್ಣ ಒಳ್ಳೆಯದು? ಹಗಲಿನಲ್ಲಿ ಮನುಷ್ಯರ ಕಣ್ಣು ಅತಿ ಸೂಕ್ಷ್ಮವಾಗಿರುವುದು ಹಳದಿಹಸಿರಿಗೆ. ಕತ್ತಲಾಗುತ್ತ ಬಂದಂತೆ ಆ ಸೂಕ್ಷ್ಮತೆ ನೀಲಿಹಸಿರಿನ ಕಡೆಗೆ ಸರಿಯುತ್ತದೆ. ಕೆಂಪು, ಕಿತ್ತಳೆಗಳು ಮೊದಲು ಕಪ್ಪಾಗುತ್ತವೆ. ಆದ್ದರಿಂದ ಸಂಜೆಗೆ ಮಿಂಚುಹಳದಿ ಉತ್ತಮ, ಕಿತ್ತಳೆ ಅಲ್ಲ. ಆದರೆ ನಮ್ಮ ಕಡಲ ದಂಡೆಯಲ್ಲಿ ಒಂದು ತೊಡಕಿದೆ. ಪಡುಗಡಲಿಗೆ ಮುಖ ಮಾಡಿ ಕೂತವರ ಕಣ್ಣಿಗೆ ಇಳಿಬಿಸಿಲು ನೇರ ಹೊಡೆಯುತ್ತದೆ, ನೀರೆಲ್ಲ ಬಂಗಾರದ ಝಳಪಾಗುತ್ತದೆ, ಅದರಲ್ಲಿ ಹಳದಿ ದಾರ ಕರಗಿಹೋಗುತ್ತದೆ. ಆ ಗಳಿಗೆಗೆ ಹಸಿರೋ ಕಡುನೀಲಿಯೋ ಆದ ಗಾಢ ದಾರ ಒಳ್ಳೆಯದು. ಬೆಳಗ್ಗೆ ಅಳಿವೆಯ ಒಳಬದಿಯಲ್ಲಿ, ತೆಂಗಿನ ಸಾಲಿನ ನೆರಳು ಬಿದ್ದ ಹಸಿರು ನೀರಿನ ಎದುರು, ಕಿತ್ತಳೆಯಷ್ಟು ಚೆನ್ನಾಗಿ ಯಾವುದೂ ಕಾಣುವುದಿಲ್ಲ.

ಮಿಂಚುಹಳದಿ ದಾರಕ್ಕೆ ಬೆಲೆ ತೆರಬೇಕಾದ ಜಾಗ ಒಂದಿದೆ. ಅದರ ಬಣ್ಣ ನೇರಳಾತೀತ ಮತ್ತು ನೀಲಿ ಬೆಳಕನ್ನು ಹೀರಿ ಹಳದಿಯಾಗಿ ಹೊರಗೆ ಬಿಡುತ್ತದೆ. ನಮಗೆ ಅದು ಎದ್ದು ಕಾಣುವುದೂ ಅದರಿಂದಲೇ. ತಿಳಿಗಡಲಿನಲ್ಲಿ ನೀಲಿ ಬೆಳಕು ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿಯವರೆಗೂ ಈ ದಾರ ಹೊಳೆಯುತ್ತಲೇ ಹೋಗುತ್ತದೆ, ಮೀನಿಗೂ ಕಾಣುತ್ತದೆ. ಇದಕ್ಕೆ ಪರಿಹಾರ ಸರಳ. ಮುಖ್ಯ ದಾರ ಹಳದಿಯಿರಲಿ, ಅದರ ತುದಿಗೆ ಬಣ್ಣವಿಲ್ಲದ ಫ್ಲೂರೋಕಾರ್ಬನ್ ಅಥವಾ ತೆಳು ನೈಲಾನ್ ಕಟ್ಟಬೇಕು. ಗಾಳದವರು ಲೀಡರ್ ಎನ್ನುವುದು ಇದನ್ನೇ. ಬೇಸಿಗೆಯ ತಿಳಿನೀರಿನಲ್ಲಿ ನಾನು ಎರಡು ಮಾರು ಉದ್ದ ಬಿಡುತ್ತೇನೆ, ಮಳೆನೀರಿನಲ್ಲಿ ಅರ್ಧ ಮಾರು. ಕಾಣಬೇಕಾದ ಜಾಗದಲ್ಲಿ ಕಾಣುವ ದಾರ, ಮರೆಯಾಗಬೇಕಾದ ಜಾಗದಲ್ಲಿ ಮರೆಯಾಗುವ ದಾರ. ಎರಡು ಕಣ್ಣುಗಳ ಜಗಳವನ್ನು ಒಂದು ಗಂಟು ಬಿಡಿಸುತ್ತದೆ.

ಹೆಣೆದ ದಾರಕ್ಕೆ ಬಣ್ಣ ಚೆನ್ನಾಗಿ ಹಿಡಿಯುವುದಿಲ್ಲ. ಅದರ ಪಾಲಿಎಥಿಲೀನ್ ಎಳೆ ಬಣ್ಣ ಹೀರುವ ಜಾತಿಯದಲ್ಲ. ಮೇಲೆ ಲೇಪಿಸಿದ್ದು ಉಪ್ಪುನೀರು, ಬಿಸಿಲು, ಉಜ್ಜಾಟಕ್ಕೆ ಕ್ರಮೇಣ ಬಿಳಿಚುತ್ತದೆ. ಹತ್ತು ಮೀಟರಿಗೊಂದು ಬಣ್ಣದ ದಾರ ಆಳ ಅಳೆಯುವವರಿಗಾಗಿ ಇದೆ. ದೋಣಿಯಿಂದ ನೇರ ಕೆಳಗೆ ಬಿಟ್ಟರೆ ಎಷ್ಟು ಬಣ್ಣ ಇಳಿಯಿತೆಂದು ಎಣಿಸಿ ಆಳ ಹೇಳಬಹುದು. ಹಿಂದೆ ಹಗ್ಗಕ್ಕೆ ಗಂಟು ಹಾಕಿ ಮಾರುಗಳಲ್ಲಿ ಎಣಿಸುತ್ತಿದ್ದುದು ಈಗ ಬಣ್ಣಕ್ಕೆ ಬಂದಿದೆ. ದಂಡೆಯಿಂದ ಗಾಳ ಎಸೆಯುವವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ರಾತ್ರಿಯಲ್ಲಿ ಬಣ್ಣಗಳೆಲ್ಲ ಸಮವಾಗುತ್ತವೆ. ಮಂದಬೆಳಕಿನಲ್ಲಿ ಬಣ್ಣ ಗುರುತಿಸುವ ಕೋಶಗಳು ನಮ್ಮಲ್ಲೂ ಮೀನಿನಲ್ಲೂ ಕೆಲಸ ನಿಲ್ಲಿಸುತ್ತವೆ. ತಿಂಗಳ ಬೆಳಕಿನ ಎದುರು ದಾರ ದಪ್ಪವೋ ತೆಳುವೋ ಎಂಬುದಷ್ಟೇ ಉಳಿಯುತ್ತದೆ. ಕೆಲವು ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಕಡಲಿನಲ್ಲಿ ನಾಕ್ಟಿಲುಕಾ ಎಂಬ ಸೂಕ್ಷ್ಮಜೀವಿ ಹೆಚ್ಚಿ ಅಲೆಗಳು ನೀಲಿಯಾಗಿ ಹೊಳೆಯುತ್ತವೆ. 2020ರ ಕೊನೆಯಲ್ಲಿ ಕರಾವಳಿಯ ಅನೇಕ ಕಡೆ ಜನ ರಾತ್ರಿ ದಂಡೆಗೆ ಬಂದು ಇದನ್ನು ನೋಡಿದರು. ಆ ಜೀವಿ ನೀರು ಕಲಕಿದಲ್ಲಿ ಬೆಳಗುತ್ತದೆ. ಅಂಥ ರಾತ್ರಿಯಲ್ಲಿ ಎಷ್ಟೇ ತೆಳುವಾದ, ಬಣ್ಣವೇ ಇಲ್ಲದ ದಾರವನ್ನು ಎಳೆದರೂ ಅದು ಹೋದಲ್ಲೆಲ್ಲ ನೀಲಿ ಗೆರೆ ಮೂಡುತ್ತದೆ. ಆಗ ದಾರವನ್ನು ಅಲುಗಿಸದೆ ಬಿಟ್ಟಿರುವುದೊಂದೇ ಉಪಾಯ.

ಕಾಣದ ದಾರದ ಬಗ್ಗೆ ನನ್ನದೊಂದು ತಕರಾರಿದೆ, ಅದನ್ನು ಹೇಳದೆ ಇರಲಾರೆ. ಮೀನಿಗೆ ಕಾಣದ ದಾರ ಬೆಳ್ಳಕ್ಕಿಗೂ ಕಾಣುವುದಿಲ್ಲ, ಮಿಂಚುಳ್ಳಿಗೂ ಕಾಣುವುದಿಲ್ಲ, ನೀರುನಾಯಿಗೂ ಕಾಣುವುದಿಲ್ಲ. ಬೇರಿಗೆ ಸಿಕ್ಕಿ ಕಡಿದುಹೋದ ತುಂಡು ನೈಲಾನ್ ಬೇಗ ಕೊಳೆಯುವುದಿಲ್ಲ. ಕಾಂಡ್ಲಾ ಗಿಡದಲ್ಲಿ ಕಾಲಿಗೆ ದಾರ ಸುತ್ತಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದ ಬೆಳ್ಳಕ್ಕಿಯನ್ನು ಬಿಡಿಸಿದವರಿಗೆ ಆ ದಾರ ಎಷ್ಟು ಆಳಕ್ಕೆ ಕೊಯ್ದಿರುತ್ತದೆ ಎಂದು ಗೊತ್ತು. ಹಳದಿ, ಕಿತ್ತಳೆ ದಾರದ ತುಂಡು ದೂರದಿಂದಲೇ ಕಾಣುತ್ತದೆ, ಹೋಗಿ ಬಿಡಿಸಿ ತರಬಹುದು. ಮುಖ್ಯ ದಾರ ಬಣ್ಣದ್ದೇ ಇರಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಬಣ್ಣವಿಲ್ಲದ್ದು ತುದಿಯಲ್ಲಿ ಎಷ್ಟು ಬೇಕೋ ಅಷ್ಟೇ ಇರಲಿ. ಕಡಿದ ತುಂಡುಗಳನ್ನು ದಂಡೆಯಲ್ಲಿ ಬಿಸಾಡದೆ ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ, ಸಣ್ಣಗೆ ಕತ್ತರಿಸಿ ಕಸಕ್ಕೆ ಹಾಕಿ.

ಹೊಸದಾಗಿ ಗಾಳ ಹಿಡಿಯುವವರು ಕೇಳಿದರೆ ನಾನು ಹೇಳುವುದು ಇಷ್ಟು. ಒಂದೇ ಸುರುಳಿಗೆ ದುಡ್ಡಿದ್ದರೆ ಪಾಚಿ ಹಸಿರಿನ ತೆಳು ನೈಲಾನ್ ಕೊಳ್ಳಿ. ನಮ್ಮ ಹೊಳೆಗಳಿಗೆ ವರ್ಷದ ಹೆಚ್ಚಿನ ದಿನ ಅದು ಹೊಂದುತ್ತದೆ. ಎರಡಕ್ಕೆ ದುಡ್ಡಿದ್ದರೆ ಮುಖ್ಯ ದಾರ ಹಳದಿ, ತುದಿ ಬಣ್ಣವಿಲ್ಲದ್ದು. ಕೆಂಪು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕೆಂಪಗಿರುವಾಗ ದಾರದ ಬಣ್ಣಕ್ಕೆ ಪೈಸೆ ಖರ್ಚು ಮಾಡಬೇಡಿ, ಆ ದುಡ್ಡಿಗೆ ತಾಜಾ ಸಿಗಡಿ ತನ್ನಿ.